ಜೂನ್ 26 ಮುಗಿದ ಮೇಲೆ ಶಾಲೆ ಏನು ಮಾಡುತ್ತದೆ?

 

ನಮ್ಮ ಕಡೆ ಶಾಲೆ ಶುರುವಾಗಿ, ಮಕ್ಕಳು ಪುಸ್ತಕಗಳಿಗೆಲ್ಲ ಬೈಂಡು ಹಾಕಿ, ಲೇಬಲ್ ಅಂಟಿಸಿ ಮುಗಿಸುವ ಹೊತ್ತಿಗೆ ಎರಡು ದಿನಾಚರಣೆಗಳು ಬಂದು ಹೋಗಿರುತ್ತವೆ. ಮೇ 31, ವಿಶ್ವ ತಂಬಾಕು ರಹಿತ ದಿನ. ಜೂನ್ 26, ಮಾದಕ ವಸ್ತು ವಿರೋಧಿ ದಿನ. ಈ ಎರಡೂ ದಿನ ಶಾಲೆಯಲ್ಲಿ ಏನು ನಡೆಯುತ್ತೆ ಅಂತ ನಿಮಗೂ ಗೊತ್ತು, ನಾವೆಲ್ಲ ಅದರಲ್ಲಿ ನಿಂತವರೇ. ಬೆಳಗ್ಗೆ ಜಾಥಾ, ಕೈಯಲ್ಲಿ ಚಾರ್ಟು, ಬಾಯಲ್ಲಿ ಘೋಷಣೆ. ಆಮೇಲೆ ಸಭಾಂಗಣದಲ್ಲಿ ಭಾಷಣ. ಮುಖ್ಯ ಅತಿಥಿಯಾಗಿ ಹತ್ತಿರದ ಠಾಣೆಯ ಇನ್‌ಸ್ಪೆಕ್ಟರ್ ಅಥವಾ ಒಬ್ಬ ಡಾಕ್ಟರ್. ಪ್ರೊಜೆಕ್ಟರಿನಲ್ಲಿ ಬಾಯಿ ಕ್ಯಾನ್ಸರಿನ ಫೋಟೋ, ಹಿಂದಿನ ಬೆಂಚಿನಿಂದ "ಅಯ್ಯೋ" ಅನ್ನೋ ಸದ್ದು. ಕೊನೆಗೆ ಎಲ್ಲರೂ ಬಲಗೈ ಚಾಚಿ ಪ್ರತಿಜ್ಞೆ. ಪ್ರತಿಜ್ಞೆಯ ಫೋಟೋ ಇಲಾಖೆಯ ವಾಟ್ಸಾಪ್ ಗ್ರೂಪಿಗೆ. ಅಲ್ಲಿಗೆ ಕಾರ್ಯಕ್ರಮ ಸಂಪನ್ನ.

ನಾನು ಬಿಕಾಂ ಓದಿದವಳು. ನಮಗೆ ಕ್ಲಾಸಲ್ಲಿ ಹೇಳಿಕೊಟ್ಟ ಒಂದು ಅಭ್ಯಾಸ ಇನ್ನೂ ಬಿಟ್ಟಿಲ್ಲ. ಎಲ್ಲಿ ಖರ್ಚು ಕಂಡರೂ ಅದರ ಎದುರಿಗೆ ಏನು ಬಂತು ಅಂತ ನೋಡೋದು. ಇಲ್ಲಿ ದುಡ್ಡಿನ ಖರ್ಚು ಕಡಿಮೆ, ಒಪ್ಪುತ್ತೇನೆ. ಬ್ಯಾನರಿಗೆ ಇಷ್ಟು, ಅತಿಥಿಗೆ ಶಾಲು, ಹಾರ, ಹಣ್ಣಿನ ಬುಟ್ಟಿಗೆ ಇಷ್ಟು. ಆದರೆ ಖರ್ಚಾಗೋದು ಇನ್ನೊಂದು ಇದೆ, "ನಮ್ಮ ಶಾಲೆ ಈ ವಿಷಯದಲ್ಲಿ ಏನೋ ಮಾಡಿದೆ" ಅನ್ನೋ ಸಮಾಧಾನ. ಅದು ಬಂದ ಮೇಲೆ ಉಳಿದ ಇಡೀ ವರ್ಷ ಯಾರೂ ಏನೂ ಕೇಳಲ್ಲ. ಇವತ್ತಿನ ಪ್ರಶ್ನೆ ಅದೇ: ಇದರಿಂದ ಒಂದು ಮಗುವಾದರೂ ವೇಪ್ ಮುಟ್ಟದೆ ಉಳಿಯುತ್ತಾ? ಉಳಿಯಲ್ಲ ಅನ್ನೋದಾದರೆ, ಉಳಿಸೋದು ಏನು?

ವೇಪ್ ಅಂದ್ರೇನು ಅಂತ ಗೊತ್ತಿಲ್ಲದ ಅಪ್ಪ-ಅಮ್ಮಂದಿರಿಗೆ ಎರಡು ಮಾತು. ಇದು ಬ್ಯಾಟರಿಯಲ್ಲಿ ನಡೆಯುವ ಸಿಗರೇಟು. ಒಳಗೆ ಒಂದು ದ್ರವ, ಅದನ್ನು ಕಾಯಿಸೋ ಸಣ್ಣ ಸುರುಳಿ. ಎಳೆದರೆ ದ್ರವ ಆವಿಯಾಗಿ ಶ್ವಾಸಕೋಶಕ್ಕೆ ಹೋಗುತ್ತೆ. ಬಹುತೇಕ ದ್ರವಗಳಲ್ಲಿ ನಿಕೋಟಿನ್ ಇರುತ್ತೆ, ಜೊತೆಗೆ ಮಾವಿನಹಣ್ಣು, ಪುದೀನ, ಸ್ಟ್ರಾಬೆರಿ ಹೀಗೆ ಒಂದು ರುಚಿ. ಬೆಂಕಿ ಇಲ್ಲ, ಬೂದಿ ಇಲ್ಲ, ಬಟ್ಟೆಗೆ ಅಂಟುವ ಆ ಹಳೆಯ ಸಿಗರೇಟಿನ ವಾಸನೆಯೂ ಇಲ್ಲ. ನೋಡೋಕೆ ಪೆನ್‌ಡ್ರೈವ್ ಥರ, ಹೈಲೈಟರ್ ಪೆನ್ನಿನ ಥರ. ಜಾಮೆಟ್ರಿ ಬಾಕ್ಸಿನಲ್ಲಿಟ್ಟರೆ ನಿಮ್ಮ ಕಣ್ಣಿಗೂ ನನ್ನ ಕಣ್ಣಿಗೂ ಅದು ಸ್ಟೇಷನರಿ ಸಾಮಾನೇ.

ನಮ್ಮಲ್ಲಿ ಇದು ನಿಷಿದ್ಧ. ಕರ್ನಾಟಕ 2016ರಲ್ಲೇ ಇ-ಸಿಗರೇಟ್ ಮಾರಾಟ ನಿಷೇಧಿಸಿತ್ತು. 2019ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ತಂತು, ಅದೇ ವರ್ಷ ಡಿಸೆಂಬರಿನಲ್ಲಿ ಕಾಯ್ದೆ ಆಯಿತು. ತಯಾರಿಕೆ, ಆಮದು, ಮಾರಾಟ, ಸಾಗಾಟ, ಜಾಹೀರಾತು ಎಲ್ಲವೂ ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಮತ್ತೆ ಸಿಕ್ಕಿಬಿದ್ದರೆ ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಇಷ್ಟೆಲ್ಲ ಇದ್ದೂ ಸಿಗುತ್ತೆ. ಇನ್‌ಸ್ಟಾಗ್ರಾಮಿನಲ್ಲಿ ಒಂದು ಮೆಸೇಜು ಸಾಕು.

ಈ ಸಂಚಿಕೆ ಮಾಡೋಕೆ ಕಾರಣ ಒಬ್ಬ ಕೇಳುಗರು. ಹಿಂದೆ ಮಕ್ಕಳ ಪಾಕೆಟ್ ಮನಿ ಮತ್ತು ಯುಪಿಐ ಬಗ್ಗೆ ಒಂದು ಸಂಚಿಕೆ ಮಾಡಿದ್ದೆ. ಅದನ್ನು ಕೇಳಿ ಬೆಂಗಳೂರಿನ ಒಬ್ಬ ತಾಯಿ ಏಳು ನಿಮಿಷದ ವಾಯ್ಸ್ ಮೆಸೇಜ್ ಕಳಿಸಿದರು. ಯಾರು, ಯಾವ ಶಾಲೆ ಅಂತ ಹೇಳಲ್ಲ. ಅವರ ಮಗ ಒಂಬತ್ತನೇ ಕ್ಲಾಸು. ನಾಲ್ಕು ಹುಡುಗರು ದುಡ್ಡು ಸೇರಿಸಿ ಒಂದು ವೇಪ್ ತರಿಸಿದ್ದಾರೆ. ಮಗನ ಪಾಲಿನ ದುಡ್ಡು ಹೋಗಿದ್ದು ಅಮ್ಮನ ಫೋನಿನಿಂದಲೇ, "ಪ್ರಾಜೆಕ್ಟ್ ಪ್ರಿಂಟ್ ಔಟ್" ಅಂತ ಹೇಳಿ. ಶಾಲೆಯ ಟಾಯ್ಲೆಟ್ಟಿನಲ್ಲಿ ಸಿಕ್ಕಿಬಿದ್ದರು. ಮಾರನೇ ದಿನ ಪೋಷಕರನ್ನು ಕರೆಸಿ, ಎರಡು ಆಯ್ಕೆ ಕೊಟ್ಟರಂತೆ: ನೀವಾಗಿ ಟಿಸಿ ತಗೊಳ್ಳಿ, ಇಲ್ಲಾ ನಾವೇ ಕಾರಣ ಬರೆದು ಕೊಡ್ತೀವಿ. ಅವರು ಟಿಸಿ ತಗೊಂಡರು. ಆ ತಾಯಿ ಹೇಳಿದ ಒಂದು ಮಾತು ಇಲ್ಲಿ ಹೇಳಲೇಬೇಕು. "ನೋಡಮ್ಮ, ಎರಡು ವಾರ ಮುಂಚೆ ಅದೇ ಸ್ಕೂಲಲ್ಲಿ ಪ್ರತಿಜ್ಞೆ ಮಾಡ್ಸಿದಾರೆ. ಫೋಟೋದಲ್ಲಿ ನನ್ನ ಮಗ ಎರಡನೇ ಸಾಲಲ್ಲಿ ಕೈ ಚಾಚ್ಕೊಂಡು ನಿಂತಿದಾನೆ. ಆಗ್ಲೇ ಅವನು ಸೇದ್ತಿದ್ದ."

ಆ ಹುಡುಗ ಈಗ ಬೇರೆ ಶಾಲೆಯಲ್ಲಿ ಇದ್ದಾನೆ. ಹಳೆಯ ಸ್ನೇಹಿತರಿಲ್ಲ, ಕ್ರಿಕೆಟ್ ತಂಡ ಇಲ್ಲ, ಯಾವ ಟೀಚರಿಗೂ ಅವನ ಪರಿಚಯವಿಲ್ಲ. ಅವನಿಗೆ ಚಟ ಅಂಟಿತ್ತಾ, ಬಿಡೋಕೆ ಏನಾದರೂ ಸಹಾಯ ಬೇಕಿತ್ತಾ ಅಂತ ಒಬ್ಬರೂ ಕೇಳಿಲ್ಲ. ಹಳೆಯ ಶಾಲೆ ಸಮಸ್ಯೆಯನ್ನ ತನ್ನ ಲೆಕ್ಕದಿಂದ ತೆಗೆದು ಇನ್ನೊಬ್ಬರ ಲೆಕ್ಕಕ್ಕೆ ವರ್ಗಾಯಿಸಿತು, ಅಷ್ಟೇ.

ಈಗ ಭಾಷಣದ ವಿಷಯಕ್ಕೆ ಬರೋಣ. ಸಮವಸ್ತ್ರದ ಪೊಲೀಸರು ಶಾಲೆಗೆ ಬಂದು ಮಾದಕ ವಸ್ತುಗಳ ಬಗ್ಗೆ ಪಾಠ ಮಾಡೋದನ್ನ ಬಹಳ ದೊಡ್ಡ ಪ್ರಮಾಣದಲ್ಲಿ ಮಾಡಿ ನೋಡಿದ ದೇಶ ಅಮೆರಿಕ. 1983ರಲ್ಲಿ ಲಾಸ್ ಏಂಜಲೀಸ್‌ನಲ್ಲಿ, ಡ್ಯಾರಿಲ್ ಗೇಟ್ಸ್ ಅಲ್ಲಿನ ಪೊಲೀಸ್ ಮುಖ್ಯಸ್ಥರಾಗಿದ್ದಾಗ ಶುರುವಾದ ಆ ಕಾರ್ಯಕ್ರಮದ ಹೆಸರು 'ಡೇರ್'. ನಮ್ಮ ಹಾಗೆ ಒಂದು ಗಂಟೆಯ ಭಾಷಣ ಅಲ್ಲ, ವಾರಕ್ಕೊಂದರಂತೆ 17 ಪಾಠ. ಟೀ ಶರ್ಟು, ಪ್ರಮಾಣಪತ್ರ, ಪ್ರತಿಜ್ಞೆ ಎಲ್ಲ ಇತ್ತು. ಅಪ್ಪ-ಅಮ್ಮಂದಿರಿಗೆ ಇಷ್ಟ, ಪೊಲೀಸರಿಗೆ ಇಷ್ಟ, ರಾಜಕಾರಣಿಗಳಿಗೆ ಇನ್ನೂ ಇಷ್ಟ. ಕೆಲವೇ ವರ್ಷಗಳಲ್ಲಿ ದೇಶದ ಬಹುಪಾಲು ಶಾಲಾ ಜಿಲ್ಲೆಗಳಿಗೆ ಹಬ್ಬಿತು.

ಆಮೇಲೆ ಸಂಶೋಧಕರು ಲೆಕ್ಕ ಕೇಳಿದರು. ಆರನೇ ತರಗತಿಯಲ್ಲಿ ಡೇರ್ ಪಾಠ ಕೇಳಿದ ಮಕ್ಕಳನ್ನ ಅವರ 20ನೇ ವಯಸ್ಸಿನಲ್ಲಿ ಮತ್ತೆ ಹುಡುಕಿ ಮಾತಾಡಿಸಿದ ಕೆಂಟಕಿಯ ಅಧ್ಯಯನವೊಂದು 1999ರಲ್ಲಿ ಪ್ರಕಟವಾಯಿತು. ಪಾಠ ಕೇಳಿದವರಿಗೂ ಕೇಳದವರಿಗೂ ಸಿಗರೇಟು, ಮದ್ಯ, ಗಾಂಜಾ ವಿಷಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. 2001ರಲ್ಲಿ ಅಮೆರಿಕದ ಸರ್ಜನ್ ಜನರಲ್ ವರದಿ ಡೇರ್ ಅನ್ನು ಕೆಲಸ ಮಾಡದ ಕಾರ್ಯಕ್ರಮಗಳ ಪಟ್ಟಿಗೆ ಸೇರಿಸಿತು. ಕೊನೆಗೆ 2009ರಲ್ಲಿ ಆ ಸಂಸ್ಥೆಯೇ ಹಳೆಯ ಪಠ್ಯವನ್ನ ಕೈಬಿಟ್ಟು ಬೇರೆ ಪಠ್ಯಕ್ಕೆ ಹೋಯಿತು. 17 ವಾರದ ಪಾಠದ ಗತಿಯೇ ಇದಾದರೆ, ನಮ್ಮ ಜೂನ್ 26ರ ಒಂದು ಗಂಟೆಯ ಗತಿ ಏನು ಅಂತ ನೀವೇ ಊಹಿಸಿ.

ಯಾಕೆ ಹೀಗೆ? ಹದಿಮೂರು-ಹದಿನಾಲ್ಕರ ಹುಡುಗನಿಗೆ ಸಿಗರೇಟು ಕೆಟ್ಟದ್ದು ಅಂತ ಗೊತ್ತಿಲ್ಲ ಅಂತ ನಾವು ಅಂದುಕೊಂಡಿದ್ದೀವಿ. ಅವನಿಗೆ ಗೊತ್ತು. ಪ್ಯಾಕೆಟ್ ಮೇಲೇ ಚಿತ್ರ ಇದೆ, ಸಿನಿಮಾ ಶುರುವಾಗೋಕೆ ಮುಂಚೆ ದೊಡ್ಡ ಪರದೆ ಮೇಲೆ ತೋರಿಸ್ತಾರೆ. ಗೊತ್ತಿಲ್ಲದಿರೋದು ಬೇರೆ. ಟ್ಯೂಷನ್ ಮುಗಿಸಿ ಬರುವಾಗ ತನ್ನ ಆಪ್ತ ಸ್ನೇಹಿತ "ಒಂದು ಎಳಿ ಮಗಾ, ಏನೂ ಆಗಲ್ಲ" ಅಂದಾಗ, ಅವನ ಸ್ನೇಹವನ್ನೂ ಕಳ್ಕೊಳ್ಳದೆ, ನಗೆಪಾಟಲೂ ಆಗದೆ, ಬೇಡ ಅನ್ನೋದು ಹೇಗೆ ಅಂತ ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಅದು ಮಾಹಿತಿಯಲ್ಲ, ಅಭ್ಯಾಸ. ಈಜೋದು ಹೇಗೆ ಅಂತ ಪಿಪಿಟಿ ತೋರಿಸಿ ಬಾವಿಗೆ ತಳ್ಳೋಕಾಗುತ್ತಾ?

ಈ ವ್ಯತ್ಯಾಸ ದೊಡ್ಡ ಮಟ್ಟದ ಲೆಕ್ಕದಲ್ಲೂ ಕಾಣುತ್ತೆ. ಕಾಕ್ರೇನ್ ಅನ್ನೋ ಸಂಸ್ಥೆ, ವೈದ್ಯಕೀಯ ಅಧ್ಯಯನಗಳನ್ನೆಲ್ಲ ಒಟ್ಟು ಸೇರಿಸಿ ತೂಗಿ ನೋಡುವಂಥದ್ದು, 2013ರಲ್ಲಿ ಶಾಲೆಗಳಲ್ಲಿ ನಡೆದ ಧೂಮಪಾನ ತಡೆ ಕಾರ್ಯಕ್ರಮಗಳ 134 ಅಧ್ಯಯನಗಳನ್ನ ಪರಿಶೀಲಿಸಿತು. ಬರೀ ಮಾಹಿತಿ ಕೊಡುವ ಕಾರ್ಯಕ್ರಮಗಳಿಂದ ಪರಿಣಾಮ ಕಾಣಲಿಲ್ಲ. ನಿರ್ಧಾರ ತಗೊಳ್ಳೋದು, ಒತ್ತಡ ನಿಭಾಯಿಸೋದು, ಸ್ನೇಹಿತರ ಒತ್ತಾಯಕ್ಕೆ ಉತ್ತರ ಕೊಡೋದು, ಇವನ್ನೆಲ್ಲ ಸೇರಿಸಿ ಅಭ್ಯಾಸ ಮಾಡಿಸಿದಲ್ಲಿ ಪರಿಣಾಮ ಕಂಡಿತು. ಪವಾಡ ಅಲ್ಲ, ಮಿತವಾದದ್ದೇ. ಆದರೆ ಇತ್ತು.

"ಅದೆಲ್ಲ ಫಾರಿನ್ ಕತೆ, ನಮ್ಮ 60 ಮಕ್ಕಳ ಕ್ಲಾಸಲ್ಲಿ ಅದೆಲ್ಲ ಆಗಲ್ಲ" ಅಂತ ಒಬ್ಬ ಮೇಷ್ಟ್ರು ನನಗೆ ಹೇಳಿದ್ರು. ಆಗಿದೆ ಸರ್. ಪಕ್ಕದ ಚೆನ್ನೈನಲ್ಲೇ ಆಗಿದೆ. 'ಮೈತ್ರಿ' ಅನ್ನೋ ಹೆಸರಿನ ಪ್ರಯೋಗ. 2004ರಿಂದ 2006ರವರೆಗೆ ದೆಹಲಿ ಮತ್ತು ಚೆನ್ನೈನ 32 ಶಾಲೆಗಳಲ್ಲಿ ನಡೆಯಿತು. ದೆಹಲಿಯ ಹೃದಯ್ ಸಂಸ್ಥೆ ಮತ್ತು ಅಮೆರಿಕದ ಸಂಶೋಧಕರು ಸೇರಿ ಮಾಡಿದ್ದು. ಸರ್ಕಾರಿ ಶಾಲೆಗಳೂ ಇದ್ದವು, ಖಾಸಗಿ ಶಾಲೆಗಳೂ ಇದ್ದವು. ಚೀಟಿ ಎತ್ತುವ ಹಾಗೆ ಅರ್ಧ ಶಾಲೆಗಳನ್ನ ಕಾರ್ಯಕ್ರಮಕ್ಕೆ, ಇನ್ನರ್ಧವನ್ನ ಹೋಲಿಕೆಗೆ ಅಂತ ಆರಿಸಿಕೊಂಡರು.

ಅವರು ಮಾಡಿದ್ದೇನು? ಆರನೇ ಮತ್ತು ಎಂಟನೇ ತರಗತಿಯಲ್ಲಿ ಶುರು ಮಾಡಿ ಎರಡು ವರ್ಷ ಬಿಡದೆ ನಡೆಸಿದರು. ಇದನ್ನು ಒತ್ತಿ ಹೇಳ್ತಿದ್ದೀನಿ, ಎರಡು ವರ್ಷ. ಮಕ್ಕಳಲ್ಲೇ ಕೆಲವರನ್ನ ನಾಯಕರನ್ನಾಗಿ ಮಾಡಿ ತರಬೇತಿ ಕೊಟ್ಟರು. ಕ್ಲಾಸಿನಲ್ಲಿ ಭಾಷಣದ ಬದಲು ಸಣ್ಣ ಗುಂಪುಗಳಲ್ಲಿ ಚರ್ಚೆ, ಆಟ, ಅಭಿನಯ. ಗೋಡೆಗೆ ಪೋಸ್ಟರು. ಮನೆಗೆ ಅಂಚೆ ಕಾರ್ಡು, ಅಪ್ಪ-ಅಮ್ಮಂದಿರೂ ಮಾತಿಗೆ ಸೇರಲಿ ಅಂತ. ಮತ್ತೆ ಮಕ್ಕಳೇ ಮುಂದೆ ನಿಂತು ಮಾಡುವ ಚಟುವಟಿಕೆಗಳು.

ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಕಾರ್ಯಕ್ರಮ ಇಲ್ಲದ ಶಾಲೆಗಳಲ್ಲಿ ಆ ಎರಡು ವರ್ಷದಲ್ಲಿ ತಂಬಾಕು ಬಳಕೆ 68 ಶೇಕಡ ಹೆಚ್ಚಾಯಿತು. ಕಾರ್ಯಕ್ರಮ ನಡೆದ ಶಾಲೆಗಳಲ್ಲಿ 17 ಶೇಕಡ ಕಡಿಮೆಯಾಯಿತು. ಒಂದು ಕಡೆ ಏರಿತು, ಇನ್ನೊಂದು ಕಡೆ ಇಳಿಯಿತು. ನಮ್ಮ ದೇಶದ ಮಕ್ಕಳು, ನಮ್ಮ ದೇಶದ ಶಾಲೆ. ಆಗ ವೇಪ್ ಇರಲಿಲ್ಲ, ಬೀಡಿ, ಸಿಗರೇಟು, ಗುಟ್ಕಾ ಬಗ್ಗೆ ಇದ್ದ ಕಾರ್ಯಕ್ರಮ ಅದು. ಆದರೆ "ಒಂದು ಎಳಿ ಮಗಾ" ಅನ್ನೋ ಮಾತು ಆಗಲೂ ಇದೇ ಥರ ಇತ್ತು.

ಇದೇ ಮೈತ್ರಿಯ ಶುರುವಿನಲ್ಲಿ ಮಾಡಿದ ಸಮೀಕ್ಷೆಯಲ್ಲಿ ಒಂದು ವಿಚಿತ್ರ ಕಂಡಿತು. ತಂಬಾಕನ್ನ ಯಾವತ್ತಾದರೂ ಬಳಸಿದ್ದೀನಿ ಅಂದವರು ಎಂಟನೇ ತರಗತಿಯಲ್ಲಿ 9.3 ಶೇಕಡ ಇದ್ದರೆ, ಆರನೇ ತರಗತಿಯಲ್ಲಿ 24.8 ಶೇಕಡ. ದೊಡ್ಡವರಿಗಿಂತ ಚಿಕ್ಕವರು ಜಾಸ್ತಿ! ಇದಕ್ಕೆ ಹಲವು ಕಾರಣ ಇರಬಹುದು, ಅದರಲ್ಲಿ ನನಗೆ ಭಯ ಹುಟ್ಟಿಸೋದು ಒಂದು: ಬಳಸೋ ಮಕ್ಕಳು ಎಂಟನೇ ಕ್ಲಾಸಿನವರೆಗೆ ಶಾಲೆಯಲ್ಲಿ ಉಳಿಯೋದೇ ಇಲ್ಲವೇನೋ. ಶಾಲೆ ಬಿಟ್ಟವರು ಶಾಲೆಯ ಸಮೀಕ್ಷೆಗೆ ಸಿಗಲ್ಲವಲ್ಲ.

ನಮ್ಮ ಶಾಲೆಗಳಲ್ಲಿ ಈ ಕಾರ್ಯಕ್ರಮಗಳು ಯಾರಿಗೆ ಮಾಡ್ತಾರೆ? ಸಾಮಾನ್ಯವಾಗಿ ಒಂಬತ್ತು, ಹತ್ತನೇ ಕ್ಲಾಸಿಗೆ. ಚಿಕ್ಕವರಿಗೆ ಯಾಕೆ ಇದೆಲ್ಲ, ಗೊತ್ತಿಲ್ಲದ್ದನ್ನ ಹೇಳಿಕೊಟ್ಟ ಹಾಗಾಗುತ್ತೆ ಅಂತ. 2019ರ ಜಾಗತಿಕ ಯುವ ತಂಬಾಕು ಸಮೀಕ್ಷೆಯ ಭಾರತದ ಅಂಕಿ ನೋಡಿ. 13ರಿಂದ 15 ವರ್ಷದ ಶಾಲಾ ಮಕ್ಕಳನ್ನ ಕೇಳಿದ್ದು. ಬಳಸಿದ ಮಕ್ಕಳು ಸಿಗರೇಟು ಶುರು ಮಾಡಿದ ಮಧ್ಯಮ ವಯಸ್ಸು 11.5. ಬೀಡಿ 10.5. ಜಗಿಯುವ ತಂಬಾಕು 9.9. ಅಂದ್ರೆ ಐದನೇ ಕ್ಲಾಸು. ನಾವು ಹತ್ತನೇ ಕ್ಲಾಸಿನಲ್ಲಿ ಬ್ಯಾನರ್ ಕಟ್ಟೋದು ಅಂದ್ರೆ ಬಸ್ಸು ಮೆಜೆಸ್ಟಿಕ್ ಬಿಟ್ಟು ತುಮಕೂರು ದಾಟಿದ ಮೇಲೆ ಬಸ್‌ಸ್ಟ್ಯಾಂಡಿಗೆ ಓಡಿದ ಹಾಗೆ.

ಇದೇ ಸಮೀಕ್ಷೆಯಲ್ಲಿ ನಮಗೊಂದು ಒಳ್ಳೆ ಸುದ್ದಿಯೂ ಇದೆ, ಅದನ್ನು ನಾವು ಉಪಯೋಗಿಸ್ತಾನೇ ಇಲ್ಲ. ಆ ವಯಸ್ಸಿನ ಮಕ್ಕಳಲ್ಲಿ ಆ ಹೊತ್ತಿಗೆ ತಂಬಾಕು ಬಳಸ್ತಾ ಇದ್ದವರು ದೇಶದಲ್ಲಿ 8.5 ಶೇಕಡ, ಕರ್ನಾಟಕದಲ್ಲಿ 1.2 ಶೇಕಡ. ದೇಶದಲ್ಲೇ ಅತಿ ಕಡಿಮೆ ಇರುವ ರಾಜ್ಯಗಳಲ್ಲಿ ನಮ್ಮದೊಂದು. ಶಾಲೆಯಲ್ಲಿ ಕೂತು ಬರೆದ ಉತ್ತರ, ಮುಚ್ಚಿಟ್ಟವರು ಇದ್ದೇ ಇರ್ತಾರೆ, 2019ರಿಂದ ಈಚೆಗೆ ಮಾರುಕಟ್ಟೆಯೂ ಬದಲಾಗಿದೆ. ಅದನ್ನೆಲ್ಲ ಕಳೆದರೂ ಒಂದು ಮಾತು ನಿಲ್ಲುತ್ತೆ: ಹೆಚ್ಚಿನ ಮಕ್ಕಳು ಇದನ್ನ ಮುಟ್ಟಲ್ಲ. ಆದರೆ ವೇದಿಕೆ ಮೇಲೆ ನಿಂತವರು ಹೇಳೋದೇನು? "ಇವತ್ತಿನ ಯುವಪೀಳಿಗೆ ಪೂರ್ತಿ ಹಾಳಾಗಿದೆ, ಎಲ್ಲೆಲ್ಲೂ ಡ್ರಗ್ಸ್." ಕೆಳಗೆ ಕೂತ ಹುಡುಗಿಗೆ ಅದು ಕೇಳಿಸೋದು ಹೀಗೆ: ಎಲ್ಲರೂ ಮಾಡ್ತಾರಂತೆ, ನಾನೊಬ್ಬಳೇ ಹಿಂದೆ ಬಿದ್ದಿದೀನಿ. ಆ ವಯಸ್ಸಲ್ಲಿ ಗುಂಪಿನಿಂದ ಹೊರಗುಳಿಯೋ ಭಯ ಕ್ಯಾನ್ಸರ್ ಭಯಕ್ಕಿಂತ ದೊಡ್ಡದು. ಕ್ಯಾನ್ಸರ್ ನಲವತ್ತು ವರ್ಷ ಆದಮೇಲೆ ಬರುತ್ತೆ, ಲಂಚ್ ಬ್ರೇಕ್ ಇವತ್ತೇ ಬರುತ್ತೆ.

ಸರಿ, ಇದನ್ನೆಲ್ಲ ಮಾಡೋರು ಯಾರು? ಇಲ್ಲಿ ಮೇಷ್ಟ್ರುಗಳ ಪರವಾಗಿ ಮಾತಾಡಬೇಕು. ಬಿಸಿಯೂಟದ ಲೆಕ್ಕ ಅವರದ್ದು, ಹಾಜರಾತಿ ಆ್ಯಪ್ ಅವರದ್ದು, ಚುನಾವಣೆ, ಗಣತಿ ಕೆಲಸ ಅವರದ್ದು, ಈಗ ವೇಪ್ ಕೂಡ ಅವರ ತಲೆಗೆ. ಬಿಹಾರದ ನಳಂದ ಜಿಲ್ಲೆಯಲ್ಲಿ 'ಸೆಹರ್' ಅನ್ನೋ ಒಂದು ಪ್ರಯೋಗ ನಡೆಯಿತು, 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಅದು ಚಟದ ಬಗ್ಗೆ ಅಲ್ಲ, ಶಾಲೆಯ ವಾತಾವರಣ, ಮಕ್ಕಳ ಮನಸ್ಸಿನ ಆರೋಗ್ಯದ ಬಗ್ಗೆ. ಒಂದೇ ಕಾರ್ಯಕ್ರಮವನ್ನ ಕೆಲವು ಶಾಲೆಗಳಲ್ಲಿ ಅಲ್ಲಿನ ಶಿಕ್ಷಕರಿಂದ ಮಾಡಿಸಿದರು, ಇನ್ನು ಕೆಲವು ಶಾಲೆಗಳಲ್ಲಿ ಇದೇ ಕೆಲಸಕ್ಕೆ ಅಂತ ತರಬೇತಿ ಕೊಟ್ಟ ಸ್ಥಳೀಯ ಆಪ್ತ ಸಮಾಲೋಚಕರಿಂದ. ಸಮಾಲೋಚಕರಿದ್ದ ಕಡೆ ಶಾಲೆಯ ವಾತಾವರಣ ಸುಧಾರಿಸಿತು, ಖಿನ್ನತೆ, ಕೀಟಲೆ-ಹಿಂಸೆ ಕಡಿಮೆಯಾಯಿತು. ಶಿಕ್ಷಕರೇ ಮಾಡಿದ ಕಡೆ ಏನೂ ಬದಲಾಗಲಿಲ್ಲ. ಶಿಕ್ಷಕರು ಕೆಟ್ಟವರು ಅಂತಲ್ಲ. ಬೆಳಗ್ಗೆ ಬೆತ್ತ ಹಿಡಿದವರ ಹತ್ತಿರ ಮಧ್ಯಾಹ್ನ ಹೋಗಿ "ಸರ್, ನಾನು ಸೇದಿದೆ" ಅಂತ ಯಾವ ಮಗು ಹೇಳುತ್ತೆ?

ಹಾಗಂತ ಶಿಕ್ಷಕರಿಂದ ಏನೂ ಆಗಲ್ಲ ಅಂತ ತೀರ್ಮಾನ ಮಾಡೋಕೂ ಆಗಲ್ಲ. ನಮ್ಮ ನಿಮ್ಹಾನ್ಸ್ ರೂಪಿಸಿದ ಜೀವನ ಕೌಶಲ ಶಿಕ್ಷಣ ಇದೆಯಲ್ಲ, ಅದು ಶಿಕ್ಷಕರಿಗೇ ತರಬೇತಿ ಕೊಟ್ಟು ಮಾಡಿಸಿದ್ದು. ಪಾಠ ಅಲ್ಲ, ಗುಂಪು ಚಟುವಟಿಕೆ. ಒಂದು ವರ್ಷದ ನಂತರ 605 ಮಕ್ಕಳನ್ನ, ಕಾರ್ಯಕ್ರಮ ಇಲ್ಲದ ಹತ್ತಿರದ ಶಾಲೆಗಳ 423 ಮಕ್ಕಳ ಜೊತೆ ಹೋಲಿಸಿ ನೋಡಿದ ಅಧ್ಯಯನ 2010ರಲ್ಲಿ ಬಂತು. ಆತ್ಮಗೌರವ, ಕಷ್ಟ ನಿಭಾಯಿಸುವ ರೀತಿ, ಶಾಲೆ ಮತ್ತು ಶಿಕ್ಷಕರ ಜೊತೆಗಿನ ಹೊಂದಾಣಿಕೆ ಇವೆಲ್ಲ ಚೆನ್ನಾಗಿದ್ದವು. ಮನೆಯಲ್ಲಿ ಮತ್ತು ಸ್ನೇಹಿತರ ಜೊತೆಗಿನ ಹೊಂದಾಣಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಅವರೇ ಅದನ್ನ ಮುಚ್ಚಿಡದೆ ಬರೆದಿದ್ದಾರೆ. ಮನೆ ಮತ್ತು ಸ್ನೇಹಿತರು, ನೋಡಿ, ಶಾಲೆಯ ಕೈ ಸುಲಭಕ್ಕೆ ತಲುಪದ ಎರಡು ಜಾಗ. ಮೈತ್ರಿಯವರು ಅಂಚೆ ಕಾರ್ಡು ಕಳಿಸಿದ್ದು, ಮಕ್ಕಳನ್ನೇ ನಾಯಕರನ್ನಾಗಿ ಮಾಡಿದ್ದು ಬಹುಶಃ ಇದಕ್ಕೇ. ಆದರೆ ಒಂದು ಎಚ್ಚರಿಕೆ: ಆಗ ಹೇಳಿದ ಕಾಕ್ರೇನ್ ಪರಿಶೀಲನೆಯಲ್ಲಿ ದೊಡ್ಡವರು ನಡೆಸಿದ ಕಾರ್ಯಕ್ರಮಗಳೇ ಹೆಚ್ಚು ಫಲ ಕೊಟ್ಟ ಹಾಗೆ ಕಂಡಿತ್ತು. ಹಾಗಾಗಿ ಕ್ಲಾಸ್ ಲೀಡರ್ ಕೈಗೆ ಪೋಸ್ಟರ್ ಕೊಟ್ಟು ಕೈತೊಳೆದುಕೊಳ್ಳೋದು ಕೂಡ ದಾರಿಯಲ್ಲ.

ಇನ್ನೊಂದು ಪ್ರಶ್ನೆ, ಇದು ಪಕ್ಕಾ ಕಾಮರ್ಸ್ ಪ್ರಶ್ನೆ. ಕಾರ್ಯಕ್ರಮಕ್ಕೆ ದುಡ್ಡು ಕೊಡ್ತಿರೋದು ಯಾರು? ಅಮೆರಿಕದಲ್ಲಿ ಮಕ್ಕಳ ಕೈಗೆ ವೇಪ್ ತಲುಪಿಸಿದ ಹೆಸರು ಅಂದ್ರೆ ಜೂಲ್. ಅದೇ ಜೂಲ್ ಕಂಪನಿ ಶಾಲೆಗಳಿಗೆ ಹೋಗಿ ತಡೆ ಕಾರ್ಯಕ್ರಮ ಮಾಡ್ತೀವಿ ಅಂತ ದುಡ್ಡು ಕೊಟ್ಟಿತ್ತು. 2019ರ ಜುಲೈನಲ್ಲಿ ಅಲ್ಲಿನ ಸಂಸತ್ ಸಮಿತಿಯ ವಿಚಾರಣೆಯಲ್ಲಿ ಇದು ಹೊರಬಂತು. ಬಾಲ್ಟಿಮೋರ್‌ನ ಒಂದು ಸಂಸ್ಥೆಗೆ ಮಕ್ಕಳ ಬೇಸಿಗೆ ಶಿಬಿರ ನಡೆಸೋಕೆ 1,34,000 ಡಾಲರ್ ಕೊಟ್ಟಿದ್ದು ಅದರಲ್ಲಿ ಒಂದು. ಇದಕ್ಕೂ ಹಿಂದೆ, 1998ರಲ್ಲಿ, ಫಿಲಿಪ್ ಮಾರಿಸ್ ಅನ್ನೋ ಸಿಗರೇಟು ಕಂಪನಿ ಮಕ್ಕಳಿಗೆ "ಯೋಚಿಸಿ, ಸೇದಬೇಡಿ" ಅನ್ನೋ ಅರ್ಥದ ಜಾಹೀರಾತು ಮಾಡಿತ್ತು. ಆಮೇಲಿನ ಸಂಶೋಧನೆಯಲ್ಲಿ, ಆ ಜಾಹೀರಾತು ನೋಡಿದ ಮಕ್ಕಳಲ್ಲಿ ಮುಂದೆ ಸೇದಬಹುದು ಅನ್ನೋ ಮನಸ್ಸು ಕಡಿಮೆಯಾಗೋದಿರಲಿ, ಹೆಚ್ಚೇ ಕಂಡಿತು. ನಮ್ಮಲ್ಲಿ ಶಾಲೆಗಳಿಗೆ ಸಿಎಸ್‌ಆರ್ ದುಡ್ಡು ಬರುತ್ತೆ, ಬರಲಿ. ಬ್ಯಾನರಿನ ಕೆಳಗೆ ಯಾರ ಲೋಗೋ ಇದೆ ಅಂತ ಓದೋ ಅಭ್ಯಾಸ ಮಾತ್ರ ಇಟ್ಟುಕೊಳ್ಳಿ.

ಸರ್ಕಾರದ ಕಡೆಯಿಂದ ಏನೂ ಇಲ್ಲ ಅಂತಿಲ್ಲ. 'ತಂಬಾಕು ಮುಕ್ತ ಶಿಕ್ಷಣ ಸಂಸ್ಥೆ' ಅನ್ನೋ ಮಾರ್ಗಸೂಚಿ ಇದೆ, ಒಂಬತ್ತು ಮಾನದಂಡ, ಅಂಕಗಳು ಕೂಡ. ಗೇಟಿನಲ್ಲಿ ಫಲಕ ಇರಬೇಕು, ಒಬ್ಬ ತಂಬಾಕು ಮಾನಿಟರ್ ಇರಬೇಕು, ಶಾಲೆಯಿಂದ 100 ಗಜದಲ್ಲಿ ಹಳದಿ ಗೆರೆ ಎಳೆದಿರಬೇಕು. ಆರು ತಿಂಗಳಿಗೆ ಕನಿಷ್ಠ ಒಂದು ಚಟುವಟಿಕೆ ಮಾಡಬೇಕು. ಆರು ತಿಂಗಳಿಗೆ ಒಂದು! ಈ ಒಂದು ಸಾಲು ನೋಡಿದಾಗ ನಮ್ಮ ಜೂನ್ 26 ಎಲ್ಲಿಂದ ಬಂತು ಅಂತ ಗೊತ್ತಾಗುತ್ತೆ. ಕನಿಷ್ಠ ಅಂತ ಬರೆದದ್ದೇ ನಮ್ಮಲ್ಲಿ ಗರಿಷ್ಠ ಆಗಿಬಿಡುತ್ತೆ.

ಆದರೆ ಆ ಹಳದಿ ಗೆರೆ ಇದೆಯಲ್ಲ, ಅದರ ಬಗ್ಗೆ ನನಗೆ ಗೌರವ ಇದೆ. ಕಾರಣ, ಅದು ಮಗುವಿಗೆ ಬುದ್ಧಿ ಹೇಳಲ್ಲ, ಅಂಗಡಿಯವನಿಗೆ ಹೇಳುತ್ತೆ. 2003ರ ಕೋಟ್ಪಾ ಕಾಯ್ದೆಯಲ್ಲೇ ಈ ನಿಯಮ ಇದೆ. ಕರ್ನಾಟಕ 2024ರಲ್ಲಿ ಅದಕ್ಕೆ ತಿದ್ದುಪಡಿ ಮಾಡಿತು, ರಾಷ್ಟ್ರಪತಿ ಅಂಕಿತ ಸಿಕ್ಕಿ 2025ರಲ್ಲಿ ಜಾರಿಗೆ ಬಂತು. ಈಗ ನಮ್ಮ ರಾಜ್ಯದಲ್ಲಿ ತಂಬಾಕು ಕೊಳ್ಳೋಕೆ 21 ವರ್ಷ ಆಗಿರಬೇಕು, ಹುಕ್ಕಾ ಬಾರ್ ನಡೆಸೋ ಹಾಗಿಲ್ಲ, ಶಾಲೆಯಿಂದ 100 ಮೀಟರ್ ಒಳಗೆ ಮಾರೋ ಹಾಗಿಲ್ಲ. ದಂಡ 200 ರೂಪಾಯಿ ಇದ್ದದ್ದು 1,000 ಆಗಿದೆ. ನಾಳೆ ಮಗುವನ್ನ ಬಿಡೋಕೆ ಹೋದಾಗ ಗೇಟಿನಿಂದ ನೂರಿಪ್ಪತ್ತು-ಮೂವತ್ತು ಹೆಜ್ಜೆ ನಡೆದು ನೋಡಿ. ಪೆಟ್ಟಿಗೆ ಅಂಗಡಿ ಇದ್ರೆ ಪಿಟಿಎ ಮೀಟಿಂಗಿನಲ್ಲಿ, ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿಯಲ್ಲಿ ಕೇಳಿ. ವೇಪಿಗೆ ಮಾತ್ರ ಈ ಗೆರೆ ಸಾಲದು, ಅದರ ಅಂಗಡಿ ಫೋನಿನೊಳಗೆ ಇದೆ.

ಇನ್ನು ಸಿಕ್ಕಿಬಿದ್ದ ಮಗುವಿನ ಮಾತು. ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನ ಶಾಲೆಯಿಂದ ಹೊರಹಾಕೋ ಹಾಗಿಲ್ಲ. ಒಂಬತ್ತನೇ ಕ್ಲಾಸಿಗೆ ಬಂದ ತಕ್ಷಣ ಆ ಕೊಡೆ ಇಲ್ಲ. ಕಷ್ಟದ ವಯಸ್ಸು ಶುರುವಾಗೋದು ಅಲ್ಲೇ. ಇನ್ನೊಂದು ಕಡೆ ಬಾಲ ನ್ಯಾಯ ಕಾಯ್ದೆಯ 77ನೇ ಸೆಕ್ಷನ್ ನೋಡಿ: ಮಗುವಿಗೆ ಮದ್ಯ, ತಂಬಾಕು ಉತ್ಪನ್ನ, ಮಾದಕ ವಸ್ತು ಕೊಟ್ಟವರಿಗೆ ಏಳು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷದವರೆಗೆ ದಂಡ. ಅಂದ್ರೆ ಆ ಕಾಯ್ದೆಯ ಕಣ್ಣಲ್ಲಿ ಅಪರಾಧಿ ಕೊಟ್ಟವನು. ನಮ್ಮ ಎಷ್ಟೋ ಶಾಲೆಗಳ ಕಣ್ಣಲ್ಲಿ ಅಪರಾಧಿ ಸೇದಿದ ಹುಡುಗ. ಅವನಿಗೆ ಕೊಟ್ಟದ್ದು ಯಾರು ಅನ್ನೋ ಪ್ರಶ್ನೆ ಟಿಸಿ ಜೊತೆಗೇ ಗೇಟಿನಿಂದ ಹೊರಗೆ ಹೋಗುತ್ತೆ. ಇನ್‌ಸ್ಟಾಗ್ರಾಮಿನ ಆ ವ್ಯಾಪಾರಿಗೆ ಮಾರನೇ ದಿನ ಇನ್ನೊಬ್ಬ ಗಿರಾಕಿ.

"ಹಾಗಾದ್ರೆ ಸುಮ್ಮನೆ ಬಿಟ್ಟುಬಿಡೋದಾ? ಉಳಿದ ಮಕ್ಕಳ ಗತಿ ಏನು?" ಅಂತ ಒಬ್ಬ ಪ್ರಿನ್ಸಿಪಾಲರು ನನ್ನನ್ನ ಕೇಳಿದರು. ನ್ಯಾಯವಾದ ಪ್ರಶ್ನೆ. ಮಾರುವ ವಿದ್ಯಾರ್ಥಿ ಬೇರೆ, ಸೇದುವ ವಿದ್ಯಾರ್ಥಿ ಬೇರೆ, ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ ಅಂತ ಹೇಳಿದೆ. ಸೇದಿದವನಿಗೆ ಶಿಕ್ಷೆ ಬೇಡ ಅಂತಲ್ಲ. ವೇಪ್ ಕಿತ್ತುಕೊಳ್ಳಿ, ಪೋಷಕರನ್ನ ಕರೆಸಿ, ಶಾಲೆಯ ನಿಯಮದಲ್ಲಿ ಏನಿದೆಯೋ ಮಾಡಿ. ಆದರೆ ಅವನು ನಾಳೆಯೂ ಅದೇ ಬೆಂಚಿಗೆ ಬರಲಿ. ನಿಕೋಟಿನ್ ಅಂಟಿಕೊಂಡ ಮಗು ಬಿಟ್ಟ ಮೊದಲ ದಿನಗಳಲ್ಲಿ ರೇಗುತ್ತೆ, ನಿದ್ದೆ ಕೆಡುತ್ತೆ, ಪಾಠದ ಮೇಲೆ ಗಮನ ನಿಲ್ಲಲ್ಲ. ಆ ದಿನಗಳಲ್ಲಿ ಅವನ ಸುತ್ತ ಪರಿಚಯದವರು ಇರಬೇಕು. ಇನ್ನೊಬ್ಬ ಹುಡುಗ ಇದನ್ನೆಲ್ಲ ನೋಡ್ತಿರ್ತಾನೆ, ಅವನ ಬ್ಯಾಗಲ್ಲೂ ಒಂದು ಇರಬಹುದು. ಟಿಸಿ ಕೊಟ್ಟರೆ ಅವನು ಕಲಿಯೋದು ಇನ್ನೂ ಚೆನ್ನಾಗಿ ಬಚ್ಚಿಡೋದನ್ನ. ಪ್ರಿನ್ಸಿಪಾಲರು ಪೂರ್ತಿ ಒಪ್ಪಲಿಲ್ಲ. ಪೋಷಕರ ವಾಟ್ಸಾಪ್ ಗ್ರೂಪು ನೀವು ನೋಡಿಲ್ಲ ಅಂದರು. ಅದೂ ನಿಜವೇ. ಬೇರೆಯವರ ಮಗುವನ್ನ ಹೊರಹಾಕಿ ಅಂತ ಮೊದಲು ಬರೆಯೋದು ನಾವೇ, ಪೋಷಕರೇ.

ಸಹಾಯ ಬೇಕಾದವರಿಗೆ ಕೆಲವು ನಂಬರು, ಬರೆದಿಟ್ಟುಕೊಳ್ಳಿ. ತಂಬಾಕು ಬಿಡೋಕೆ ರಾಷ್ಟ್ರೀಯ ಕ್ವಿಟ್‌ಲೈನ್ 1800-11-2356. ಉಚಿತ. ನಿಮ್ಹಾನ್ಸ್‌ನಲ್ಲೂ ಇದರ ಒಂದು ಕೇಂದ್ರ ಇದೆ, ಕನ್ನಡದಲ್ಲಿ ಮಾತಾಡಬಹುದು. ಬೇರೆ ಮಾದಕ ವಸ್ತುಗಳ ವಿಷಯಕ್ಕೆ 14446. ಮಗು ಮಂಕಾಗಿದೆ, ಏನಾಗಿದೆ ಅಂತ ಗೊತ್ತಾಗ್ತಿಲ್ಲ ಅಂದ್ರೆ ಟೆಲಿ ಮಾನಸ್, 14416.

ಮುಂದಿನ ಸಂಚಿಕೆಯಲ್ಲಿ ಒಬ್ಬರು ಶಾಲಾ ಆಪ್ತ ಸಮಾಲೋಚಕರು ನಮ್ಮ ಜೊತೆ ಇರ್ತಾರೆ. ಮಗುವಿನ ಬ್ಯಾಗಲ್ಲಿ ವೇಪ್ ಸಿಕ್ಕಿದ ರಾತ್ರಿ ಮನೆಯಲ್ಲಿ ಮೊದಲ ಮಾತು ಹೇಗೆ ಶುರು ಮಾಡೋದು ಅಂತ ಅವರನ್ನ ಕೇಳೋಣ. ನಿಮ್ಮ ಶಾಲೆಯಲ್ಲಿ ಜೂನ್ 26 ಬಿಟ್ಟು ಬೇರೆ ಏನಾದರೂ ನಡೆಯುತ್ತಿದ್ದರೆ, ಶಿಕ್ಷಕರಾಗಲಿ, ವಿದ್ಯಾರ್ಥಿಗಳಾಗಲಿ, ವಾಯ್ಸ್ ಮೆಸೇಜ್ ಕಳಿಸಿ. ಏಳು ನಿಮಿಷದ್ದಾದರೂ ಪರವಾಗಿಲ್ಲ, ಪೂರ್ತಿ ಕೇಳ್ತೀನಿ. ಸಿಗೋಣ.